ಕಾರಿನ ರಿವರ್ಸ್ ಲೈಟ್‌ಗೆ ಎಲ್‌ಇಡಿ ಬಲ್ಬ್: ಆಯ್ಕೆ, ಜೋಡಣೆ, ಪರೀಕ್ಷೆ

ಕತ್ತಲಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ಬೇಕಾಗುವ ಬೆಳಕು ಬಹಳವೇನಲ್ಲ. ಬಂಪರಿನಿಂದ ನಾಲ್ಕೈದು ಮೀಟರ್ ನೆಲ, ಎಡಬಲದ ಅಂಚು, ನಡುವೆ ಕಲ್ಲೋ ಕಂಬವೋ ಇದ್ದರೆ ಅದು, ಇಷ್ಟು ಕಂಡರೆ ಸಾಕು. ಎಷ್ಟೋ ಕಾರುಗಳಲ್ಲಿ ಅಷ್ಟೂ ಕಾಣುವುದಿಲ್ಲ. ಹಿಂದಿನ ದೀಪಗಳಲ್ಲಿ ಹೆಚ್ಚಾಗಿ ಸಿಗುವ ಡಬ್ಲ್ಯು16ಡಬ್ಲ್ಯು ಬಲ್ಬ್ 13.5 ವೋಲ್ಟ್‌ನಲ್ಲಿ ಕೊಡುವುದು ಸುಮಾರು 310 ಲ್ಯೂಮೆನ್ (ಬಲ್ಬ್ ಕೊಡುವ ಒಟ್ಟು ಬೆಳಕಿನ ಅಳತೆ). ಅದಕ್ಕಿಂತ ದೊಡ್ಡದಾದ ಪಿ21ಡಬ್ಲ್ಯು ಕೊಡುವುದು 460. ಮುಂದಿನ ಎಚ್7 ಹೆಡ್‌ಲೈಟ್ ಬಲ್ಬಿನದು 1500. ಅದರ ಮೇಲೆ ಕೆಲವು ಕಾರುಗಳಲ್ಲಿ ರಿವರ್ಸ್ ಲೈಟ್ ಇರುವುದೇ ಒಂದು ಬದಿಗೆ. ಇನ್ನೊಂದು ಬದಿಯ ಜಾಗದಲ್ಲಿ ಹಿಂದಿನ ಫಾಗ್ ಲ್ಯಾಂಪ್ ಕೂತಿರುತ್ತದೆ.

ಎಲ್‌ಇಡಿ ಹಾಕಿದರೆ ಈ ಕೊರತೆ ನೀಗಬಹುದು. ಆದರೆ ಪೊಟ್ಟಣದ ಮೇಲೆ ದೊಡ್ಡ ಸಂಖ್ಯೆ ಬರೆದ ಬಲ್ಬ್ ಹಾಕಿ, ಹಿಂದೆ ಹೋಗಿ ನಿಂತು, ಕಣ್ಣು ಕುಕ್ಕಿದ್ದನ್ನೇ ಗೆಲುವೆಂದುಕೊಳ್ಳುವವರು ಬಹಳ ಮಂದಿ. ನಿಂತವನ ಕಣ್ಣಿಗೆ ಬಿದ್ದ ಬೆಳಕು ಡ್ರೈವರಿಗೆ ಉಪಯೋಗಕ್ಕೆ ಬರುವುದಿಲ್ಲ, ನೆಲಕ್ಕೆ ಬಿದ್ದದ್ದು ಮಾತ್ರ ಬರುತ್ತದೆ. ಬಲ್ಬ್ ಆರಿಸುವಾಗಲೂ ಹಾಕಿ ಪರೀಕ್ಷಿಸುವಾಗಲೂ ನೋಡಬೇಕಾದದ್ದು ಇದನ್ನೇ.

ಬಲ್ಬ್ ಕೊಳ್ಳುವ ಮೊದಲು

ಮೊದಲು ಟೇಲ್ ಲ್ಯಾಂಪಿನ ಗಾಜನ್ನು (ಈಗ ಎಲ್ಲ ಪ್ಲಾಸ್ಟಿಕ್ಕೇ ಆದರೂ ಬಾಯಿಗೆ ಬರುವುದು ಗಾಜೆಂದೇ) ಚೆನ್ನಾಗಿ ತೊಳೆಯಿರಿ. ಮೇಲ್ಮೈ ಮಂಜಾಗಿದ್ದರೆ ಪ್ಲಾಸ್ಟಿಕ್ ಪಾಲಿಶ್ ಹಾಕಿ ಉಜ್ಜಿ. ಮಸುಕಾದ ಗಾಜಿನ ಹಿಂದೆ ಎಂಥ ಬಲ್ಬ್ ಇಟ್ಟರೂ ಬೆಳಕು ಚದುರುವುದೇ ಹೆಚ್ಚು.

ಮುಂದಿನದು ವೋಲ್ಟೇಜ್. ಫಿಲಮೆಂಟ್ ಬಲ್ಬಿನ (ಒಳಗಿನ ತಂತಿ ಕಾದು ಬೆಳಗುವ ಹಳೇ ಮಾದರಿಯ) ಬೆಳಕು ವೋಲ್ಟೇಜಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ, ಅದಕ್ಕಿಂತ ಎಷ್ಟೋ ಜೋರಾಗಿ ಇಳಿಯುತ್ತದೆ. 13.5 ವೋಲ್ಟ್ ಸಿಗಬೇಕಾದ ಬಲ್ಬಿಗೆ 12.5 ಸಿಕ್ಕರೆ ಬೆಳಕಿನಲ್ಲಿ ಸುಮಾರು ಕಾಲು ಭಾಗ ಹೋದಂತೆ. ತುಕ್ಕು ಹಿಡಿದ ಅರ್ಥ್ ಪಾಯಿಂಟ್ (ಮೈನಸ್ ವೈರ್ ಬಾಡಿಗೆ ಕೂಡುವ ಜಾಗ), ಹಸಿರುಗಟ್ಟಿದ ಹೋಲ್ಡರ್ ಇವೇ ಸಾಮಾನ್ಯ ಕಾರಣ. ಎಂಜಿನ್ ಆಫ್ ಇಟ್ಟು, ಇಗ್ನಿಷನ್ ಮಾತ್ರ ಆನ್ ಮಾಡಿ, ರಿವರ್ಸ್ ಗೇರ್ ಹಾಕಿ, ಬಲ್ಬ್ ಉರಿಯುತ್ತಿರುವಾಗಲೇ ಮಲ್ಟಿಮೀಟರಿನಲ್ಲಿ ಬ್ಯಾಟರಿಯ ವೋಲ್ಟೇಜನ್ನೂ ಹೋಲ್ಡರಿನ ವೋಲ್ಟೇಜನ್ನೂ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದ್ದರೆ ಮೊದಲು ವೈರಿಂಗ್ ಸರಿಮಾಡಿ. ಕೆಲವೊಮ್ಮೆ ಅರ್ಥ್ ಉಜ್ಜಿ ಬಿಗಿಮಾಡಿದ ಮೇಲೆ ಹಳೇ ಬಲ್ಬೇ ಸಾಕೆನಿಸುತ್ತದೆ. ಹಾಗಾದರೆ ಇಲ್ಲಿಗೇ ನಿಲ್ಲಿಸಬಹುದು.

ಬಲ್ಬಿನ ಬದಲು ಮೂಲದಲ್ಲೇ ಎಲ್‌ಇಡಿ ಇರುವ, ಪೂರ್ತಿ ಸೀಲ್ ಆದ ಟೇಲ್ ಲ್ಯಾಂಪ್ ನಿಮ್ಮದಾದರೆ ಬದಲಿಸಲು ಬಲ್ಬೇ ಇರುವುದಿಲ್ಲ. ಸೀಲ್ ಒಡೆದು ಒಳಗೆ ಕೈಹಾಕುವ ಸಾಹಸ ಬೇಡ. ನೀರು ಸೇರಿಕೊಂಡರೆ ಇಡೀ ಲ್ಯಾಂಪ್ ಹೋಗುತ್ತದೆ.

ನಿಮ್ಮ ಕಾರಿನಲ್ಲಿ ಯಾವ ಬಲ್ಬ್ ಇದೆ?

ಮಾಲೀಕರ ಕೈಪಿಡಿಯಲ್ಲಿ ಬರೆದಿರುತ್ತದೆ, ಆದರೂ ಹಳೇ ಬಲ್ಬನ್ನು ಬಿಚ್ಚಿ ಅದರ ಬುಡದಲ್ಲಿ ಕೆತ್ತಿದ್ದನ್ನು ಓದುವುದೇ ಖಾತ್ರಿ. ರಿವರ್ಸ್ ಲೈಟಿನಲ್ಲಿ ಸಾಮಾನ್ಯವಾಗಿ ಸಿಗುವವು ಇವು:

- ಡಬ್ಲ್ಯು16ಡಬ್ಲ್ಯು: ಮಾರಾಟದಲ್ಲಿ ಟಿ15 ಎಂದೂ ಅಮೆರಿಕದ ಲೆಕ್ಕದಲ್ಲಿ 921 ಎಂದೂ ಕರೆಯುತ್ತಾರೆ. ಚಪ್ಪಟೆ ಗಾಜಿನ ಬುಡ, ಲೋಹದ ಟೋಪಿ ಇಲ್ಲ, ನೇರ ಎಳೆದರೆ ಬರುತ್ತದೆ. 16 ವ್ಯಾಟ್.
- ಪಿ21ಡಬ್ಲ್ಯು: ಲೋಹದ ಬುಡ, ಬಿಎ15ಎಸ್ ಮಾದರಿ, ಎದುರುಬದುರು ಎರಡು ಪಿನ್. ಅಮೆರಿಕದ 1156ಕ್ಕೆ ಸಮ. 21 ವ್ಯಾಟ್.
- ಡಬ್ಲ್ಯು21ಡಬ್ಲ್ಯು: ಟಿ20 ಅಥವಾ 7440. ಚಪ್ಪಟೆ ಬುಡವೇ, ಆದರೆ ಟಿ15ಗಿಂತ ಅಗಲ. 21 ವ್ಯಾಟ್.

ಇಂಡಿಕೇಟರಿನ ಪಿವೈ21ಡಬ್ಲ್ಯು ಬಲ್ಬಿನ ಪಿನ್‌ಗಳು ಎದುರುಬದುರಾಗಿರದೆ ಕೋನ ಬದಲಿಸಿಕೊಂಡಿರುತ್ತವೆ. ಬ್ರೇಕ್ ಮತ್ತು ಪಾರ್ಕಿಂಗ್ ಎರಡಕ್ಕೂ ಉರಿಯುವ ಪಿ21/5ಡಬ್ಲ್ಯು ಬಲ್ಬಿನಲ್ಲಿ ಪಿನ್‌ಗಳ ಎತ್ತರವೇ ಬೇರೆ, ಬುಡದಲ್ಲಿ ಎರಡು ಚುಕ್ಕೆ. ಆನ್‌ಲೈನಿನಲ್ಲಿ ತರಿಸುವಾಗ ಪಿ21ಡಬ್ಲ್ಯು ಸೇರಿ ಈ ಮೂರನ್ನೂ ಒಂದೇ ಚಿತ್ರದಡಿ ಮಾರುವುದುಂಟು, ಆದ್ದರಿಂದ ಬುಡದ ಹೆಸರನ್ನೇ ನೋಡಿ ತರಿಸಿ.

ಟಿ10 (ಡಬ್ಲ್ಯು5ಡಬ್ಲ್ಯು) ಮತ್ತು ಟಿ15 ಎರಡರ ಬುಡದ ಅಳತೆ ಒಂದೇ, ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಇದನ್ನು ತಿಳಿದವರು 5 ವ್ಯಾಟಿನ ಜಾಗಕ್ಕೆ 16 ವ್ಯಾಟಿನ ಫಿಲಮೆಂಟ್ ಬಲ್ಬ್ ತುರುಕಿ ಹೋಲ್ಡರ್ ಕರಗಿಸಿಕೊಳ್ಳುತ್ತಾರೆ. ಎಲ್‌ಇಡಿಯಲ್ಲಿ ತೊಂದರೆ ತಿರುಗುಮುರುಗು: ರಿವರ್ಸ್ ಲೈಟಿಗೆಂದು ತಂದ ಪುಟ್ಟ ಟಿ10 ಎಲ್‌ಇಡಿ ಸರಿಯಾಗಿ ಕೂತು ಉರಿಯುತ್ತದೆ, ಆದರೆ ಹಳೇ ಬಲ್ಬಿಗಿಂತ ಕಡಿಮೆ ಬೆಳಕು ಕೊಡುತ್ತದೆ.

ಪೊಟ್ಟಣದ ಮಾತು ಎಷ್ಟು ನಂಬಬಹುದು?

"2000 ಲ್ಯೂಮೆನ್", "3000 ಲ್ಯೂಮೆನ್" ಎಂದು ಬರೆದಿರುವುದನ್ನು ಒಂದು ಸಣ್ಣ ಲೆಕ್ಕದಿಂದ ಅಳೆಯಬಹುದು. ಅದೇ ಪೊಟ್ಟಣದಲ್ಲಿ ಕರೆಂಟ್ ಎಷ್ಟೆಂದು ಎಲ್ಲಾದರೂ ಸಣ್ಣ ಅಕ್ಷರದಲ್ಲಿರುತ್ತದೆ. 0.4 ಆಂಪಿಯರ್ ಎಂದಿದ್ದರೆ 13.5ರಿಂದ ಗುಣಿಸಿ: 5.4 ವ್ಯಾಟ್. ಇಷ್ಟು ಚಿಕ್ಕ ದೇಹದ ಎಲ್‌ಇಡಿ ಬಲ್ಬ್ ವ್ಯಾಟಿಗೆ 100 ಲ್ಯೂಮೆನ್ ಕೊಟ್ಟರೆ ಅದೇ ದೊಡ್ಡದು. ಅಂದರೆ ನಿಜವಾದ ಬೆಳಕು 500ರ ಆಸುಪಾಸು. 2000 ಲ್ಯೂಮೆನ್ ನಿಜವಾಗಬೇಕಾದರೆ 20 ವ್ಯಾಟ್ ಎಳೆಯಬೇಕು, ಅಷ್ಟು ಬಿಸಿಯನ್ನು ಹೆಬ್ಬೆರಳಿನ ಗಾತ್ರದ ಬಲ್ಬ್ ಮುಚ್ಚಿದ ಲ್ಯಾಂಪಿನೊಳಗೆ ಹೊರಹಾಕಲಾರದು.

500 ಲ್ಯೂಮೆನ್ ಕಡಿಮೆಯೇನಲ್ಲ. 310ರ ಜಾಗದಲ್ಲಿ 500 ಬಂದರೆ, ಅದು ಸರಿಯಾದ ದಿಕ್ಕಿಗೆ ಹೋದರೆ, ವ್ಯತ್ಯಾಸ ಎದ್ದು ಕಾಣುತ್ತದೆ. ಆದ್ದರಿಂದ ನಾನು ಲ್ಯೂಮೆನ್ ಸಂಖ್ಯೆಯನ್ನು ಬದಿಗಿಟ್ಟು ಮೂರು ವಿಷಯ ನೋಡುತ್ತೇನೆ.

ಒಂದು, ಚಿಪ್‌ಗಳು (ಎಲ್‌ಇಡಿಯಲ್ಲಿ ಬೆಳಕು ಕೊಡುವ ಸಣ್ಣ ತುಣುಕುಗಳು) ಎಲ್ಲಿವೆ. ಲ್ಯಾಂಪಿನ ಒಳಗಿನ ಬೆಳ್ಳಿಬಣ್ಣದ ರಿಫ್ಲೆಕ್ಟರನ್ನು ವಿನ್ಯಾಸ ಮಾಡಿರುವುದು ಕೆಲವೇ ಮಿಲಿಮೀಟರ್ ಉದ್ದದ ಒಂದು ಫಿಲಮೆಂಟಿಗೆ. ಬೆಳಕು ಅದೇ ಬಿಂದುವಿನಿಂದ ಹೊರಟರೆ ಮಾತ್ರ ರಿಫ್ಲೆಕ್ಟರ್ ಅದನ್ನು ಹೇಳಿದ ಕಡೆಗೆ ಕಳಿಸುತ್ತದೆ. ಹಳೇ ಬಲ್ಬ್ ಮತ್ತು ಹೊಸ ಬಲ್ಬನ್ನು ಪಕ್ಕಪಕ್ಕ ಹಿಡಿದು, ಬುಡದ ಭುಜದಿಂದ ಫಿಲಮೆಂಟಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆಯಿರಿ. ಎಲ್‌ಇಡಿಯ ಬದಿಯ ಚಿಪ್‌ಗಳ ನಡುಭಾಗ ಅದೇ ಎತ್ತರಕ್ಕೆ, ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಆಚೀಚೆ ಬರಬೇಕು. ಬಲ್ಬಿನ ಮೈತುಂಬ ಜೋಳದ ತೆನೆಯಂತೆ ನೂರಾರು ಸಣ್ಣ ಚಿಪ್ ಹಚ್ಚಿದ್ದರೆ ಅವುಗಳಲ್ಲಿ ಬಹುಪಾಲು ಆ ಬಿಂದುವಿನಿಂದ ಹೊರಗೇ ಇರುತ್ತವೆ. ತುದಿಯಲ್ಲಿ ದಪ್ಪ ಲೆನ್ಸ್ ಇರುವ ಬಲ್ಬ್ ಕೂಡ ಮೋಸವೇ. ಬುಡ ಹಿಂದೆ, ತುದಿ ಹೊರಗೆ ಮುಖಮಾಡಿ ಕೂರುವ ಲ್ಯಾಂಪಿನಲ್ಲಿ ಆ ತುದಿಯ ಬೆಳಕು ರಿಫ್ಲೆಕ್ಟರನ್ನು ಮುಟ್ಟದೆ ಸೀದಾ ಹೊರಟು, ನೋಡುವವರ ಕಣ್ಣಿಗೆ ಹೊಡೆಯುತ್ತದೆ. ಬಲ್ಬ್ ಅಡ್ಡಡ್ಡವಾಗಿ ಕೂರುವ ಲ್ಯಾಂಪ್ ಇದ್ದರೆ ಸುತ್ತಲೂ ಚಿಪ್ ಇರುವುದು ಇನ್ನೂ ಮುಖ್ಯ. ಒಂದೇ ಮುಖದ ಬಲ್ಬ್ ಅರ್ಧ ರಿಫ್ಲೆಕ್ಟರನ್ನು ಕತ್ತಲಲ್ಲಿಡುತ್ತದೆ.

ಎರಡು, ಬಿಸಿ ಎಲ್ಲಿಗೆ ಹೋಗುತ್ತದೆ. ಎಲ್‌ಇಡಿ ಬಿಸಿಯಾದಷ್ಟೂ ಮಂಕಾಗುತ್ತದೆ. ಅಲ್ಯೂಮಿನಿಯಂ ಮೈ ಇರುವ, ಕೆಲವೇ ದೊಡ್ಡ ಚಿಪ್‌ಗಳ ಬಲ್ಬ್ ಈ ವಿಷಯದಲ್ಲಿ ವಾಸಿ. ರಿವರ್ಸ್ ಲೈಟ್ ಉರಿಯುವುದು ಒಂದೆರಡು ನಿಮಿಷವಾದ್ದರಿಂದ ಇದು ಅಷ್ಟೇನೂ ಕಾಡುವುದಿಲ್ಲ. ಆದರೆ ಕೆಲವು ಕಾರುಗಳು ಅನ್‌ಲಾಕ್ ಮಾಡಿದಾಗಲೂ ದಾರಿ ತೋರಿಸಲೆಂದು ಈ ದೀಪವನ್ನು ಉರಿಸುತ್ತವೆ, ಅಂಥವಲ್ಲಿ ಸ್ವಲ್ಪ ಹೆಚ್ಚು ಗಮನ ಬೇಕು.

ಮೂರು, ಬಣ್ಣ. ರಿವರ್ಸ್ ಲೈಟ್ ಬಿಳಿಯಾಗಿರಬೇಕು, ನೀಲಿಛಾಯೆ ಸಲ್ಲದು. 5000ದಿಂದ 6000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಹೆಚ್ಚಿದಷ್ಟೂ ನೀಲಿ) ಒಳಗಿನದು ಸಾಕು. 8000 ಎಂದು ಬರೆದದ್ದು ನೋಡುವುದಕ್ಕೆ ಚೂಪಾಗಿದ್ದರೂ ನೆನೆದ ಡಾಂಬರಿನ ಮೇಲೆ ಸತ್ತಂತೆ ಕಾಣುತ್ತದೆ.

ಬೆಳಕಿನ ದಿಕ್ಕಿನ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ರಿವರ್ಸ್ ಲ್ಯಾಂಪಿಗೆಂದೇ ಇರುವ ವಿಶ್ವಸಂಸ್ಥೆಯ 23ನೇ ವಾಹನ ನಿಯಮದಲ್ಲಿ ಒಂದು ದೀಪ ಸಮತಲದ ಮಟ್ಟದಲ್ಲಿ ಮತ್ತು ಅದಕ್ಕಿಂತ ಮೇಲೆ 300 ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯ ಅಳತೆ) ದಾಟುವಂತಿಲ್ಲ. ಅಲ್ಲಿಂದ ಕೆಳಗೆ 5 ಡಿಗ್ರಿವರೆಗೆ 600. ಅದಕ್ಕೂ ಕೆಳಗೆ, ಅಂದರೆ ನೆಲದ ಕಡೆಗೆ, 8000ವರೆಗೂ ಅವಕಾಶ! ನೆಲಕ್ಕೆ ಬೆಳಕು ಚೆಲ್ಲಲು ನಿಯಮ ಧಾರಾಳವಾಗಿದೆ, ಕಣ್ಣಿನ ಮಟ್ಟಕ್ಕೆ ಬಂದರೆ ಬಿಗಿಯಾಗಿದೆ. ಚಿಪ್ ತಪ್ಪು ಜಾಗದಲ್ಲಿರುವ ಬಲ್ಬ್ ಇದನ್ನೇ ತಲೆಕೆಳಗು ಮಾಡುತ್ತದೆ.

ಕಾನೂನಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಫಿಲಮೆಂಟ್ ಬಲ್ಬಿಗೆಂದು ಅನುಮೋದನೆ ಪಡೆದ ಲ್ಯಾಂಪಿಗೆ ಎಲ್‌ಇಡಿ ಹಾಕುವುದನ್ನು ಹಲವು ದೇಶಗಳ ನಿಯಮ ಒಪ್ಪುವುದಿಲ್ಲ, ವಾಹನ ತಪಾಸಣೆಯಲ್ಲಿ ತಕರಾರು ಬರಬಹುದು. ನಿಮ್ಮಲ್ಲಿ ಏನಿದೆಯೆಂದು ಮೊದಲೇ ವಿಚಾರಿಸಿಕೊಳ್ಳಿ.

ಬಿಚ್ಚುವುದು, ಹಾಕುವುದು

ಬೇಕಾಗುವ ಸಾಮಾನು: ಸ್ಕ್ರೂಡ್ರೈವರ್, ನಿಮ್ಮ ಲ್ಯಾಂಪಿನ ನಟ್ಟಿಗೆ ಸರಿಹೊಂದುವ ಸಾಕೆಟ್ (ಹಲವು ಕಡೆ 8 ಅಥವಾ 10 ಮಿಲಿಮೀಟರ್), ಪ್ಲಾಸ್ಟಿಕ್ ಕ್ಲಿಪ್ ಎಬ್ಬಿಸುವ ಪಟ್ಟಿ, ತೆಳು ಕೈಗವಸು, ಮಲ್ಟಿಮೀಟರ್, ಮೆತ್ತನೆ ಬಟ್ಟೆ.

1. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಮುಂದೂ ಹಿಂದೂ ಅಡ್ಡ ಕೊಡಿ. ಮುಂದೆ ರಿವರ್ಸ್ ಗೇರ್ ಹಾಕಿಟ್ಟೇ ಪರೀಕ್ಷೆ ಮಾಡುವುದಿದೆ, ಇದನ್ನು ಬಿಡಬೇಡಿ. ಎಂಜಿನ್ ಆಫ್, ಕೀ ಹೊರಗೆ. ದೀಪ ಈಗಷ್ಟೇ ಉರಿದಿದ್ದರೆ ಐದು ನಿಮಿಷ ಆರಲು ಬಿಡಿ.

2. ಬಲ್ಬಿನ ಹಿಂಭಾಗಕ್ಕೆ ದಾರಿ ಹುಡುಕಿ. ಕೆಲವು ಕಾರುಗಳಲ್ಲಿ ಡಿಕ್ಕಿಯ ಒಳಪಕ್ಕದ ಸಣ್ಣ ಮುಚ್ಚಳ ತೆಗೆದರೆ ಕೈ ನೇರ ಹೋಲ್ಡರಿಗೆ ಹೋಗುತ್ತದೆ. ಇನ್ನು ಕೆಲವದರಲ್ಲಿ ಇಡೀ ಟೇಲ್ ಲ್ಯಾಂಪನ್ನೇ ಕಳಚಬೇಕು: ಡಿಕ್ಕಿಯ ಬಾಗಿಲು ತೆಗೆದಾಗ ಅಂಚಿನಲ್ಲಿ ಕಾಣುವ ಎರಡು ಸ್ಕ್ರೂ ಬಿಚ್ಚಿ, ಲ್ಯಾಂಪನ್ನು ಹಿಂದಕ್ಕೆ ನೇರವಾಗಿ ಎಳೆಯಬೇಕು. ಹೊರಪಕ್ಕದಲ್ಲಿ ಗುಂಡು ತಲೆಯ ಪ್ಲಾಸ್ಟಿಕ್ ಪಿನ್‌ಗಳು ಒತ್ತಿ ಕೂತಿರುತ್ತವೆ. ಬದಿಗೆ ತಿರುಚಿದರೆ ಮುರಿಯುವುದು ಇವೇ. ಬಾಡಿಯ ಅಂಚಿಗೆ ಮೊದಲೇ ಬಟ್ಟೆ ಹೊದಿಸಿ, ಪೇಂಟಿಗೆ ಗೀರು ಬೀಳುವುದಿಲ್ಲ. ಕಳಚಿದ ಲ್ಯಾಂಪನ್ನು ವೈರಿನಲ್ಲಿ ನೇತಾಡಲು ಬಿಡಬೇಡಿ.

3. ಹೋಲ್ಡರನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ ಹೊರತೆಗೆಯಿರಿ. ಪಕ್ಕದಲ್ಲೇ ಇಂಡಿಕೇಟರ್, ಬ್ರೇಕ್ ಹೋಲ್ಡರ್‌ಗಳಿರುತ್ತವೆ, ಯಾವುದು ಯಾವುದೆಂದು ಮೊಬೈಲಿನಲ್ಲಿ ಒಂದು ಫೋಟೊ ಹಿಡಿದುಕೊಳ್ಳಿ. ಟಿ15, ಟಿ20 ಬಲ್ಬನ್ನು ನೇರ ಎಳೆಯಿರಿ. ಪಿ21ಡಬ್ಲ್ಯು ಆದರೆ ಒತ್ತಿ ಎಡಕ್ಕೆ ತಿರುಗಿಸಿ. ಹಠ ಹಿಡಿದರೆ ಬಟ್ಟೆ ಸುತ್ತಿ ಹಿಡಿಯಿರಿ, ಗಾಜು ಒಡೆಯಬಹುದು.

4. ಹೋಲ್ಡರಿನ ಒಳಗೆ ನೋಡಿ. ಕರಕಲು, ಹಸಿರು ಪುಡಿ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಸ್ವಚ್ಛ ಮಾಡಿ. ಎಷ್ಟೋ ವರ್ಷ ದಪ್ಪ ಗಾಜಿನ ಬುಡ ಹಿಡಿದಿದ್ದ ತಾಮ್ರದ ನಾಲಿಗೆಗಳು ಅಗಲವಾಗಿರುತ್ತವೆ, ಎಲ್‌ಇಡಿಯ ತೆಳು ಬುಡ ಅದರಲ್ಲಿ ಸಡಿಲವಾಗಿ ಕೂರುತ್ತದೆ. ಸಣ್ಣ ಸ್ಕ್ರೂಡ್ರೈವರಿನಿಂದ ನಾಲಿಗೆಗಳನ್ನು ತುಸುವೇ ಒಳಕ್ಕೆ ಬಾಗಿಸಿ. "ಹಳ್ಳ ಬಂದಾಗ ಎಲ್‌ಇಡಿ ಮಿಣುಕುತ್ತದೆ" ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ.

5. ಹೊಸ ಬಲ್ಬನ್ನು ಹೋಲ್ಡರಿಗೆ ಹಾಕಿ, ಲ್ಯಾಂಪಿಗೆ ಕೂರಿಸುವ ಮೊದಲೇ ಇಗ್ನಿಷನ್ ಆನ್ ಮಾಡಿ ರಿವರ್ಸ್ ಹಾಕಿ ನೋಡಿ. ಆಟೊಮ್ಯಾಟಿಕ್ ಆದರೆ ಬ್ರೇಕ್ ತುಳಿದಿರಲು ಒಬ್ಬರು ಒಳಗೆ ಕೂತಿರಲಿ. ಉರಿಯದಿದ್ದರೆ ಗಾಬರಿ ಬೇಡ. ಎಲ್‌ಇಡಿಗೆ ಪ್ಲಸ್-ಮೈನಸ್ ಉಂಟು, ಚಪ್ಪಟೆ ಬುಡದ ಬಲ್ಬನ್ನು ತೆಗೆದು ಮಗುಚಿ ಹಾಕಿ. ಪಿನ್ ಇರುವ ಪಿ21ಡಬ್ಲ್ಯು ಮಾದರಿಯಲ್ಲಿ ಈ ಪ್ರಶ್ನೆ ಏಳುವುದಿಲ್ಲ, ನಡುವಿನ ಚುಕ್ಕೆ ಪ್ಲಸ್, ಲೋಹದ ಮೈ ಮೈನಸ್.

6. ಹೋಲ್ಡರನ್ನು ಲ್ಯಾಂಪಿಗೆ ಹಾಕುವಾಗ ಬಲ್ಬ್ ರಿಫ್ಲೆಕ್ಟರಿನ ರಂಧ್ರಕ್ಕೆ ತಾಗದೆ ಸಲೀಸಾಗಿ ಹೋಗಬೇಕು. ಎಲ್‌ಇಡಿ ಬಲ್ಬ್ ಉದ್ದವೂ ದಪ್ಪವೂ ಇರಬಹುದು. ಒತ್ತಡ ಹಾಕಿ ತುರುಕಬೇಕಾಗಿ ಬಂದರೆ ಆ ಬಲ್ಬ್ ನಿಮ್ಮ ಕಾರಿಗಲ್ಲ. ಹೋಲ್ಡರಿನ ರಬ್ಬರ್ ವಾಷರ್ ಮಡಚದೆ ಕೂತಿದೆಯೇ ನೋಡಿ. ಹಳೇ ಬಲ್ಬಿನ ಬಿಸಿಗೆ ಒಳಗಿನ ತೇವ ತಾನಾಗಿ ಆರುತ್ತಿತ್ತು. ಎಲ್‌ಇಡಿಯಲ್ಲಿ ಆ ಅನುಕೂಲ ಕಡಿಮೆ, ಹಾಗಾಗಿ ವಾಷರಿನ ಮೇಲೆ ಹೆಚ್ಚು ನಿಗಾ.

7. ಒಂದೇ ಬದಿ ಬದಲಿಸಿ ನಿಲ್ಲಿಸಿ. ಇನ್ನೊಂದು ಬದಿಯಲ್ಲಿ ಹಳೇ ಬಲ್ಬೇ ಇರಲಿ, ರಾತ್ರಿ ಹೋಲಿಸಿ ನೋಡಲು ಬೇಕು.

ಡ್ಯಾಶ್‌ಬೋರ್ಡಿನಲ್ಲಿ ಬಲ್ಬ್ ಹೋಗಿದೆ ಎಂದು ತೋರಿಸಿದರೆ

ಕೆಲವು ಕಾರುಗಳ ಕಂಪ್ಯೂಟರ್ ಪ್ರತಿ ಬಲ್ಬಿನ ಕರೆಂಟನ್ನು ಅಳೆಯುತ್ತಿರುತ್ತದೆ. 21 ವ್ಯಾಟಿನ ಬಲ್ಬ್ 1.75 ಆಂಪಿಯರ್ ಎಳೆಯುವ ಜಾಗದಲ್ಲಿ ಎಲ್‌ಇಡಿ 0.4 ಎಳೆದರೆ ಬಲ್ಬ್ ಸುಟ್ಟಿದೆ ಎಂದೇ ಅದರ ತೀರ್ಮಾನ. ಇನ್ನು ಕೆಲವು ಕಾರುಗಳು ದೀಪ ಆರಿರುವಾಗಲೂ ಕಣ್ಣಿಗೆ ಕಾಣದಷ್ಟು ಚಿಕ್ಕ ವಿದ್ಯುತ್ ಮಿಡಿತ ಕಳಿಸಿ ತಪಾಸಣೆ ಮಾಡುತ್ತವೆ. ಫಿಲಮೆಂಟ್ ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ, ಎಲ್‌ಇಡಿ ಮಾತ್ರ ಮಿಣಮಿಣ ಎನ್ನುತ್ತದೆ.

"ಕ್ಯಾನ್‌ಬಸ್" ಎಂದು ಬರೆದ ಬಲ್ಬ್‌ಗಳು ಇದಕ್ಕೆಂದೇ ಇರುವವು. ಅವುಗಳಲ್ಲಿ ಹಲವು ಮಾಡುವುದಿಷ್ಟೇ: ಒಳಗೆ ರೆಸಿಸ್ಟರ್ ಇಟ್ಟು ಕರೆಂಟನ್ನು ಸುಮ್ಮನೆ ಬಿಸಿಯಾಗಿ ಕಳೆಯುವುದು. ಆ ಬಿಸಿ ಚಿಪ್‌ಗಳ ಪಕ್ಕದಲ್ಲೇ ಹುಟ್ಟುತ್ತದೆ. ಆದ್ದರಿಂದ ಎಚ್ಚರಿಕೆ ಬರದ ಕಾರಿಗೆ ಕ್ಯಾನ್‌ಬಸ್ ಬಲ್ಬ್ ಹಾಕುವುದರಿಂದ ಲಾಭವೇನೂ ಇಲ್ಲ, ಮೊದಲು ಸಾದಾ ಬಲ್ಬ್ ಹಾಕಿ ನೋಡಿ.

ಹೊರಗಿನಿಂದ ಸೇರಿಸುವ 50 ವ್ಯಾಟ್ 6 ಓಮ್ ರೆಸಿಸ್ಟರ್ ಇನ್ನೊಂದು ದಾರಿ. ಎಂಜಿನ್ ಓಡುವಾಗಿನ 14 ವೋಲ್ಟಿನಲ್ಲಿ ಅದು 30 ವ್ಯಾಟಿಗೂ ಮೀರಿ ಬಿಸಿ ಕಕ್ಕುತ್ತದೆ, ಮುಟ್ಟಿದರೆ ಕೈ ಸುಡುವುದು ಖಂಡಿತ. ಹಾಕಲೇಬೇಕೆಂದರೆ ಬಾಡಿಯ ಬರಿ ಲೋಹಕ್ಕೆ ಸ್ಕ್ರೂ ಹಾಕಿ ಬಿಗಿಯಿರಿ. ಪ್ಲಾಸ್ಟಿಕ್, ಕಾರ್ಪೆಟ್, ವೈರ್ ಕಟ್ಟು ಯಾವುದೂ ಅದಕ್ಕೆ ತಾಗಬಾರದು, ಎರಡು ಬದಿಯ ಟೇಪಿನಲ್ಲಿ ಅಂಟಿಸುವುದಂತೂ ಬೇಡವೇ ಬೇಡ. ನನ್ನ ಮಟ್ಟಿಗೆ ಹೇಳುವುದಾದರೆ, ರೆಸಿಸ್ಟರ್ ಇಲ್ಲದೆ ಎಚ್ಚರಿಕೆ ಹೋಗುವುದೇ ಇಲ್ಲ ಎಂಬ ಕಾರಿಗೆ ಹಳೇ ಬಲ್ಬೇ ಒಳ್ಳೆಯದು.

ರಾತ್ರಿಯ ಪರೀಕ್ಷೆ

ಬೇರೆ ದೀಪವಿಲ್ಲದ ಜಾಗದಲ್ಲಿ, ಗೋಡೆಯಿಂದ ಐದು ಮೀಟರ್ ಬಿಟ್ಟು, ಕಾರಿನ ಹಿಂಭಾಗ ಗೋಡೆಗೆ ತಿರುಗಿಸಿ ನಿಲ್ಲಿಸಿ. ಒಂದು ಬದಿ ಹಳೇ ಬಲ್ಬ್, ಒಂದು ಬದಿ ಎಲ್‌ಇಡಿ. ಗೋಡೆಯ ಮೇಲೆ ಲ್ಯಾಂಪಿನ ಎತ್ತರಕ್ಕೆ ಸುಣ್ಣದ ಕಡ್ಡಿಯಲ್ಲಿ ಒಂದು ಗೆರೆ ಎಳೆಯಿರಿ. ಗೆರೆಯ ಕೆಳಗೆ, ನೆಲದ ಮೇಲೆ ಎಲ್‌ಇಡಿ ಬದಿ ಹೆಚ್ಚು ಬೆಳಗಿದರೆ ಬಲ್ಬ್ ಕೆಲಸ ಮಾಡುತ್ತಿದೆ. ಗೆರೆಯ ಮೇಲೆ ಮಾತ್ರ ಹೆಚ್ಚಾಗಿ, ನೆಲ ಮೊದಲಿನಷ್ಟೇ ಇದ್ದರೆ ಹಿಂದಿರುಗಿಸಿ. ನಡುವೆ ಕಪ್ಪು ಪಟ್ಟೆ, ಚುಕ್ಕೆ ಕಂಡರೆ ಚಿಪ್ ರಿಫ್ಲೆಕ್ಟರಿಗೆ ಹೊಂದುತ್ತಿಲ್ಲ. ಬಲ್ಬನ್ನು ಮಗುಚಿ ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ, ಆದರೆ ಪ್ಲಸ್-ಮೈನಸ್ ಎರಡೂ ಕಡೆಗೆ ಉರಿಯುವ ಬಲ್ಬ್ ಆಗಿದ್ದರೆ ಮಾತ್ರ ಇದು ಸಾಧ್ಯ.

ಫೋಟೊ ತೆಗೆದು ಹೋಲಿಸುವುದಾದರೆ ಮೊಬೈಲಿನ ಎಕ್ಸ್‌ಪೋಶರ್ ಲಾಕ್ ಮಾಡಿ. ಇಲ್ಲದಿದ್ದರೆ ಕ್ಯಾಮೆರಾ ತಾನೇ ಬೆಳಕು ಸರಿದೂಗಿಸಿ ಎರಡೂ ಒಂದೇ ಎನ್ನುವಂತೆ ತೋರಿಸುತ್ತದೆ. ಮಾರಾಟದ ಜಾಹೀರಾತುಗಳ ಮೊದಲು-ನಂತರದ ಚಿತ್ರಗಳನ್ನು ನಂಬದಿರುವುದಕ್ಕೂ ಇದೇ ಕಾರಣ.

ಮೂರು ನಿಮಿಷ ಉರಿಯಲು ಬಿಟ್ಟು ಮತ್ತೆ ನೋಡಿ. ಕಣ್ಣಿಗೇ ಗೊತ್ತಾಗುವಷ್ಟು ಮಂಕಾಗಿದ್ದರೆ ಬಿಸಿ ತಡೆಯದ ಬಲ್ಬ್ ಅದು. ಆಮೇಲೆ ಹತ್ತು ಮೀಟರ್ ಹಿಂದೆ ಹೋಗಿ, ಬೇರೊಂದು ಕಾರಿನಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿ. ದೀಪದಿಂದ ಮುಖ ತಿರುಗಿಸಬೇಕೆನಿಸಿದರೆ ಅದು ರಸ್ತೆಗೆ ತರುವ ಬಲ್ಬಲ್ಲ. ಕೊನೆಗೆ ಕನ್ನಡಿಯಲ್ಲೂ ರಿವರ್ಸ್ ಕ್ಯಾಮೆರಾದಲ್ಲೂ ನೋಡಿ. ಕ್ಯಾಮೆರಾ ಪರದೆಯಲ್ಲಿ ಅಡ್ಡ ಪಟ್ಟೆಗಳು ಹರಿದಾಡಿದರೆ ಎಲ್‌ಇಡಿ ಒಳಗಿನ ಸರ್ಕ್ಯೂಟ್ ಬೆಳಕನ್ನು ಬೇಗಬೇಗ ಆರಿಸಿ ಹೊತ್ತಿಸುತ್ತಿದೆ ಎಂದರ್ಥ. ಬೇರೆ ಬಲ್ಬ್ ಹುಡುಕಿ.

ಇವೆಲ್ಲ ಸರಿಯೆನಿಸಿದ ಮೇಲೆ ಇನ್ನೊಂದು ಬದಿಯನ್ನೂ ಬದಲಿಸಿ. ಎರಡೂ ಬದಿ ಒಂದೇ ಜೊತೆಯ ಬಲ್ಬ್ ಇರಲಿ, ಬಣ್ಣ ಬೇರೆಯಾದರೆ ವಿಕಾರವಾಗಿ ಕಾಣುತ್ತದೆ.

ಆಮೇಲೆ ಕಾಣಬಹುದಾದ ಕೆಲವು ವಿಚಿತ್ರಗಳು

ರಿವರ್ಸ್ ಹಾಕಿದಾಗ ಮಾತ್ರ ಎಫ್‌ಎಂ ರೇಡಿಯೊ ಗರಗರ ಎಂದರೆ ಬಲ್ಬಿನ ಅಗ್ಗದ ಡ್ರೈವರ್ ಸರ್ಕ್ಯೂಟ್ (ಎಲ್‌ಇಡಿಗೆ ಕರೆಂಟನ್ನು ಹದಮಾಡಿ ಕೊಡುವ ಭಾಗ) ಕಾರಣ. ಬಲ್ಬ್ ಬದಲಿಸುವುದೇ ಪರಿಹಾರ, ರೇಡಿಯೊ ಬಿಚ್ಚುವ ಅಗತ್ಯವಿಲ್ಲ. ಗೇರ್ ತೆಗೆದ ಮೇಲೂ ನಸುಬೆಳಕು ಉಳಿದಿದ್ದರೆ ಕಾರಿನ ಕಂಪ್ಯೂಟರಿನಿಂದ ಸೋರುವ ಅಲ್ಪ ಕರೆಂಟ್ ಅದು. ಬ್ಯಾಟರಿ ಇಳಿಸುವಷ್ಟು ಇರುವುದಿಲ್ಲವಾದರೂ ಹಿಂದಿನವರಿಗೆ ಗೊಂದಲ ತರುತ್ತದೆ.

ಆಟೊಮ್ಯಾಟಿಕ್ ಕಾರಿನಲ್ಲಿ ಪಾರ್ಕ್‌ನಿಂದ ಡ್ರೈವ್‌ಗೆ ಲಿವರ್ ಸರಿಸುವಾಗ ಅದು ರಿವರ್ಸ್ ದಾಟಿಯೇ ಹೋಗುತ್ತದೆ. ಫಿಲಮೆಂಟ್ ಬಲ್ಬ್ ಬಿಸಿಯೇರಿ ಪೂರ್ತಿ ಬೆಳಗಲು ಕಣ್ಣು ಮಿಟುಕಿಸುವಷ್ಟು ಹೊತ್ತು ಬೇಕಾದ್ದರಿಂದ ಅದು ಮೆಲ್ಲನೆ ಮಿನುಗಿ ಸುಮ್ಮನಾಗುತ್ತಿತ್ತು. ಎಲ್‌ಇಡಿ ಆ ಕ್ಷಣದಲ್ಲೇ ಪೂರ್ತಿ ಹೊಳೆದು ಆರುತ್ತದೆ. ಇದು ದೋಷವಲ್ಲ. ಆದರೆ ನಿಮ್ಮ ಹಿಂದೆ ನಿಂತವರು ಕಾರು ತಮ್ಮ ಮೇಲೇ ಬಂತೆಂದು ಬೆಚ್ಚಬಹುದು, ಲಿವರನ್ನು ತಡೆಯದೆ ಒಂದೇ ಸಲಕ್ಕೆ ಸರಿಸಿ.

ತೆಗೆದ ಹಳೇ ಬಲ್ಬ್‌ಗಳನ್ನು ಹತ್ತಿಯಲ್ಲಿ ಸುತ್ತಿ ಡಿಕ್ಕಿಯ ಟೂಲ್ ಚೀಲದಲ್ಲಿಡಿ. ಎಲ್‌ಇಡಿ ದಾರಿ ಮಧ್ಯೆ ಕೈಕೊಟ್ಟರೂ ತಪಾಸಣೆಗೆ ಒಯ್ಯುವ ದಿನ ಬಂದರೂ ಅವನ್ನು ಮತ್ತೆ ಹಾಕಲು ಹತ್ತು ನಿಮಿಷ ಸಾಕು.